ಲೈಸೆನ್ಸ್ ಇಲ್ಲದ ಗಂಡ

"ಬ್ರೇಕ್! ಬ್ರೇಕ್ ಒತ್ತಿ... ಅಯ್ಯೋ, ಅದು ಆಕ್ಸಿಲರೇಟರ್ ರೀ!"

ಕಾರು ಮುಗ್ಗರಿಸಿ, ಕೆಮ್ಮಿ, ತರಕಾರಿ ಗಾಡಿಗೆ ಒಂದು ಗೇಣು ದೂರದಲ್ಲಿ ನಿಂತಿತು.

ನಿಲ್ಲಿಸಿದ್ದು ಸ್ಟೇರಿಂಗ್ ಹಿಡಿದವನಲ್ಲ, ಪಕ್ಕದ ಸೀಟಿನಲ್ಲಿದ್ದ ಅವಳು. ಡ್ರೈವಿಂಗ್ ಸ್ಕೂಲಿನ ಕಾರುಗಳಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಅವಳಷ್ಟು ಚುರುಕಾಗಿ ಒತ್ತುವವರು ಊರಲ್ಲೇ ಇರಲಿಲ್ಲ. ಕಲಿಯಲು ಬಂದವರೆಲ್ಲ ಬೆನ್ನ ಹಿಂದೆ ಅವಳಿಗೆ ಇಟ್ಟಿದ್ದ ಹೆಸರೇ 'ಬ್ರೇಕ್ ಮೇಡಂ'.

ಅವನು ಕಾರಿನಿಂದ ಇಳಿದ. ತರಕಾರಿಯವನಿಗೆ ಕೈ ಮುಗಿದ. ಎರಡು ಕಿಲೋ ಈರುಳ್ಳಿ ಕೊಂಡು ಮರಳಿ ಬಂದು ಕೂತ.

"ಎದುರಿಗೆ ಅಷ್ಟು ದೊಡ್ಡ ಗಾಡಿ ಇತ್ತು. ನಿಮಗೆ ಕಾಣಲಿಲ್ವಾ?" ಅವಳು ಕೇಳಿದಳು.

"ಕಾಣ್ತು ಮೇಡಂ. ನಮ್ಮ ವೇಗ ಇಷ್ಟು, ದೂರ ಇಷ್ಟು, ನಿಲ್ಲೋಕೆ ಎಷ್ಟು ಸೆಕೆಂಡ್ ಬೇಕು ಅಂತ ಲೆಕ್ಕ ಹಾಕ್ತಿದ್ದೆ."

"ಲೆಕ್ಕ ಮುಗೀತಾ?"

"ಇನ್ನೊಂದೇ ಹೆಜ್ಜೆ ಬಾಕಿ ಇತ್ತು. ಅಷ್ಟರಲ್ಲಿ ನೀವು ನಿಲ್ಲಿಸಿಬಿಟ್ರಿ."

ಬೈಯಬೇಕೆಂದು ಬಾಯಿ ತೆರೆದವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಗು ಕಾಣಬಾರದಲ್ಲ! ಮೊದಲ ದಿನವೇ ನಕ್ಕರೆ ಕಲಿಯುವವರು ತಲೆ ಮೇಲೆ ಕೂರುತ್ತಾರೆ.

ಅವನು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುವ ಮೇಷ್ಟ್ರು. ರಸ್ತೆ ನಿಯಮಗಳ ಬರಹದ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದ. ಗಾಡಿ ಓಡಿಸುವ ಪರೀಕ್ಷೆಯಲ್ಲಿ ಮಾತ್ರ ಒಂದಲ್ಲ, ಎರಡಲ್ಲ, ನಾಲ್ಕು ಸಲ ಫೇಲಾದ. ಕಾರು ಚಲಿಸಲು ಶುರುವಾಯಿತೆಂದರೆ ಅವನ ತಲೆಯಲ್ಲಿ ಲೆಕ್ಕ ಶುರುವಾಗುತ್ತಿತ್ತು, ಕೈಕಾಲು ಉತ್ತರಕ್ಕಾಗಿ ಕಾಯುತ್ತಾ ಕೂರುತ್ತಿದ್ದವು.

ನಾಲ್ಕನೇ ಸಲ ಫೇಲಾದ ದಿನ ಅವನು ಆಫೀಸಿನ ಬಾಗಿಲಲ್ಲಿ ನಿಂತು ಹೇಳಿದ, "ಮೇಡಂ, ನಂಗೆ ಈ ಜನ್ಮದಲ್ಲಿ ಡ್ರೈವಿಂಗ್ ಬರಲ್ಲ ಅಂತ ಎರಡನೇ ಸಲಕ್ಕೇ ಗೊತ್ತಾಗಿತ್ತು."

"ಮತ್ತೆ ಇನ್ನೆರಡು ಸಲ ಯಾಕೆ ಬಂದ್ರಿ?"

"ಬರದೇ ಇದ್ರೆ ನೀವು ಸಿಗ್ತಿರಲಿಲ್ಲ."

ಬ್ರೇಕ್ ಮೇಡಂಗೆ ಆ ದಿನ ಎಲ್ಲಿ ಬ್ರೇಕ್ ಹಾಕಬೇಕೆಂದು ತಿಳಿಯಲಿಲ್ಲ. ಆರು ತಿಂಗಳಿಗೆ ಮದುವೆಯಾಯಿತು.

*

ಮದುವೆಯಾದ ಮೇಲೆ ಅವನು ಟ್ಯೂಷನ್ ಬಿಟ್ಟು ಅವಳ ಸ್ಕೂಲಿನ ಆಫೀಸು ನೋಡಿಕೊಳ್ಳಲು ಬಂದ. ಅಲ್ಲಿಯವರೆಗೆ ಅವಳ ಆಫೀಸೆಂದರೆ ಒಂದು ಮೇಜು, ಒಂದು ಹರಿದ ಡೈರಿ, ಎಂದೂ ನಿಲ್ಲದ ಫೋನು. ಅವನು ಬಂದು ಗೋಡೆಗೆ ದೊಡ್ಡದೊಂದು ಟೈಮ್ ಟೇಬಲ್ ಹಾಕಿದ. ಸಂಜೆ ಹೊತ್ತು ಬಿಳಿ ಹಲಗೆಯ ಮುಂದೆ ನಿಂತು ರಸ್ತೆ ನಿಯಮಗಳ ಪಾಠ ಮಾಡಿದ. ಅವನ ಪಾಠ ಕೇಳಿದವರು ಬರಹದ ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗುತ್ತಿರಲಿಲ್ಲ.

ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಆಫೀಸಿನಲ್ಲಿ ಅವಳು 'ಮೇಡಂ', ಅವನು 'ಸಾರ್', ಇಬ್ಬರಿಗೂ 'ನೀವು'. ಮನೆಯ ಬಾಗಿಲು ದಾಟಿದ ಮೇಲೆ ಅವನಿಗೆ ಅವಳು 'ನೀನು', 'ಕಣೇ'. ಅವಳಿಗೆ ಅವನು 'ರೀ', ಮುದ್ದು ಬಂದಾಗ 'ಮೇಷ್ಟ್ರೇ'.

ಮೊದಮೊದಲು ಎಷ್ಟು ಚೆನ್ನಾಗಿತ್ತು!

ಆಮೇಲೆ ಸ್ಕೂಲು ಬೆಳೆಯಿತು. ಎರಡನೇ ಕಾರು ಬಂತು. ಆದರೆ ಅದು ನಿಂತಲ್ಲೇ ನಿಂತಿರುತ್ತಿತ್ತು. ಯಾಕೆಂದರೆ ಕಲಿಸುವವಳು ಒಬ್ಬಳೇ.

"ಇನ್ನೊಬ್ಬರನ್ನ ಕೆಲಸಕ್ಕೆ ತಗೊಳ್ಳೋಣ ಕಣೇ. ಶಾಲಾ ವ್ಯಾನ್ ಓಡಿಸ್ತಿದ್ದ ಒಬ್ಬರು ಅಮ್ಮ ಎರಡು ಸಲ ಅರ್ಜಿ ಕೊಟ್ಟು ಹೋಗಿದಾರೆ. ಹದಿನೈದು ವರ್ಷದ ಅನುಭವ."

"ಬೇಡ ರೀ. ಗಾಡಿ ಅವರು ಚೆನ್ನಾಗೇ ಓಡಿಸಬಹುದು. ಆದ್ರೆ ಬೇರೆಯವರು ಓಡಿಸ್ತಿರುವಾಗ ಸರಿಯಾದ ಹೊತ್ತಿಗೆ ಬ್ರೇಕ್ ಒತ್ತೋದು ಬೇರೆ ವಿದ್ಯೆ. ಯಾರಿಗಾದ್ರೂ ಏನಾದ್ರೂ ಆದ್ರೆ?"

ಈ ಮಾತು ಎಷ್ಟು ಸಲ ಬಂದು ಹೋಯಿತೋ! ಅವಳು ಬೆಳಿಗ್ಗೆ ಆರಕ್ಕೆ ಕಾರು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಿದ್ದಳು. ದಿನಕ್ಕೆ ಹತ್ತು ಪಾಠ. ಆಮೇಲೆ ಮನೆಗೂ ಅವಳೇ ಓಡಿಸಿಕೊಂಡು ಬರಬೇಕು, ಗಂಡನಿಗೆ ಬರುವುದಿಲ್ಲವಲ್ಲ!

ಊಟಕ್ಕೆ ಕೂತರೂ ಅದೇ ಮಾತು. ನಾಳೆ ಯಾರ ಪಾಠ, ಯಾರ ಪರೀಕ್ಷೆ, ಯಾವ ಕಾರಿನ ಟೈರು ಸವೆದಿದೆ...

ಮನೆಯಲ್ಲಿದ್ದ ಅತ್ತೆ ಒಂದು ದಿನ ಬಡಿಸುತ್ತಾ ಹೇಳಿಯೇಬಿಟ್ಟರು, "ಇವತ್ತು ಬೇಕು ಅಂತಾನೇ ಉಪ್ಪು ಹಾಕಿಲ್ಲ. ಇಬ್ಬರಲ್ಲಿ ಒಬ್ಬರಿಗಾದ್ರೂ ಗೊತ್ತಾಗುತ್ತಾ ಅಂತ ನೋಡ್ತಿದ್ದೆ. ತಟ್ಟೆ ಖಾಲಿ ಆಯ್ತಲ್ರೋ!"

ಮೂವರೂ ನಕ್ಕರು. ಆದರೆ ಮಲಗುವ ಮುಂಚೆ ಅವಳಿಗೆ ಆ ಮಾತು ಮತ್ತೆ ನೆನಪಾಯಿತು. 'ನಾವಿಬ್ಬರೂ ಸ್ಕೂಲು ಬಿಟ್ಟು ಬೇರೆ ಏನಾದ್ರೂ ಮಾತಾಡಿ ಎಷ್ಟು ದಿನ ಆಯ್ತು?'

ಉತ್ತರ ಹುಡುಕುವಷ್ಟರಲ್ಲಿ ನಿದ್ದೆ ಬಂದಿತ್ತು.

*

ಆ ಮಂಗಳವಾರ ಮಧ್ಯಾಹ್ನ ಅವಳು ಆಫೀಸಿಗೆ ಬಂದಾಗ ಬಾಗಿಲಲ್ಲೇ ಒಬ್ಬ ಗಿರಾಕಿ ಕೂಗಾಡುತ್ತಿದ್ದ. ಮೂರು ವಾರದಿಂದ ಅವನಿಗೆ ಪಾಠದ ಸಮಯ ಸಿಕ್ಕಿಲ್ಲವಂತೆ.

ಅವಳು ಗೋಡೆಯ ಕಡೆ ನೋಡಿದಳು. ಟೈಮ್ ಟೇಬಲ್‌ನಲ್ಲಿ ಎರಡರಿಂದ ಮೂರು ಗಂಟೆಯ ಮನೆ ಖಾಲಿ! ಇವತ್ತಿನಿಂದ ವಾರ ಪೂರ್ತಿ ಖಾಲಿ!

"ಇದೇನು ಸಾರ್? ಜನ ಕಾಯ್ತಿದಾರೆ, ಇಲ್ಲಿ ದಿನಕ್ಕೊಂದು ಗಂಟೆ ಸುಮ್ನೆ ಬಿಟ್ಟಿದ್ದೀರಾ?"

"ಮೇಡಂ, ಅದು... ಆಮೇಲೆ ಹೇಳ್ತೀನಿ."

"ಆಮೇಲೆ ಏನು ಹೇಳೋದು?" ಬೆಳಿಗ್ಗೆಯಿಂದ ಆರು ಪಾಠ ಮುಗಿಸಿದ್ದಳು. ತಲೆ ಸಿಡಿಯುತ್ತಿತ್ತು. ಬಿಸಿಲು, ಹೊಗೆ, ಹಸಿವು ಎಲ್ಲ ಸೇರಿ ನಾಲಿಗೆಯ ತುದಿಗೆ ಬಂದು ಕೂತಿದ್ದವು. "ಗಾಡಿ ಓಡಿಸೋಕೇ ಬರದವರು ಡ್ರೈವಿಂಗ್ ಸ್ಕೂಲಿನ ಟೈಮ್ ಟೇಬಲ್ ಮಾಡಿದ್ರೆ ಹೀಗೇ ಆಗೋದು!"

ಆಫೀಸಿನಲ್ಲಿ ಆರು ಜನ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಅವನು ಪೆನ್ನಿನ ಮುಚ್ಚಳ ಹಾಕಿದ. ಮುಖದಲ್ಲಿ ಏನೂ ಇರಲಿಲ್ಲ. ಕಿವಿ ಮಾತ್ರ ಕೆಂಪಾಗಿದ್ದವು.

"ಸರಿ ಮೇಡಂ. ತಪ್ಪಾಯ್ತು."

ಎದ್ದು, ಖಾಲಿ ಮನೆಗಳಲ್ಲೆಲ್ಲ ಒಂದೊಂದಾಗಿ ಹೆಸರು ಬರೆದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಕ್ಷಣವೇ ಅವಳಿಗೆ ಗೊತ್ತಾಯಿತು, ಮುತ್ತು ಒಡೆದಿದೆ ಎಂದು. ಆದರೆ ಕೆಳಗೆ ಹಾರ್ನ್ ಹೊಡೆಯುತ್ತಾ ಮುಂದಿನ ಪಾಠದವರು ಕಾಯುತ್ತಿದ್ದರು.

'ಸಂಜೆ ಮನೇಲಿ ಕ್ಷಮೆ ಕೇಳಿದ್ರಾಯ್ತು' ಎಂದುಕೊಂಡು ಮೆಟ್ಟಿಲಿಳಿದಳು.

ಸಂಜೆ ಮನೆಯ ಬಾಗಿಲು ದಾಟಿದ ಮೇಲೆ ಅವನೇ ಕೇಳಿದ, "ಕಾಫಿ ತಗೋತೀರಾ ಮೇಡಂ?"

ಅವಳು ಚಪ್ಪಲಿ ಬಿಡುತ್ತಾ ತಲೆ ಎತ್ತಿದಳು.

'ತಗೋತೀರಾ? ಮೇಡಂ? ಮನೇಲಿ?'

ಕೋಪದಲ್ಲಿ ಕೂಗಾಡಿದ್ದರೆ ಅವಳೂ ಕೂಗುತ್ತಿದ್ದಳು, ಆಮೇಲೆ ಇಬ್ಬರೂ ಸೋತು ನಗುತ್ತಿದ್ದರು. ಆದರೆ ಈ ಮರ್ಯಾದೆಯ ಗೋಡೆಗೆ ಎಲ್ಲಿ ತಲೆ ಚಚ್ಚಿಕೊಳ್ಳುವುದು? ಬಾಯಿಗೆ ಬಂದ 'ತಪ್ಪಾಯ್ತು ರೀ' ಗಂಟಲಲ್ಲೇ ಉಳಿಯಿತು. ನಾಳೆ ಹೇಳೋಣ... ನಾಳೆ ಖಂಡಿತ...

ನಾಳೆಗಳು ಮೂವತ್ತಾದವು.

*

ಈ ನಡುವೆ ಅವನಿಗೊಂದು ಹೊಸ ಅಭ್ಯಾಸ ಶುರುವಾಗಿತ್ತು. ಬೆಳಿಗ್ಗೆ ಐದಕ್ಕೇ ಎದ್ದು ಹೊರಡುತ್ತಿದ್ದ. ಕೇಳಿದರೆ, "ವಾಕಿಂಗ್ ಮೇಡಂ."

ವಾಕಿಂಗ್ ಹೋದವನ ಅಂಗಿ ಬೆವರಿಗೆ ಒದ್ದೆಯಾಗುತ್ತಿತ್ತು, ಬೂಟಿಗೆ ಮಾತ್ರ ಒಂದು ಚೂರು ಧೂಳಿಲ್ಲ! ಅವಳು ಗಮನಿಸಿದಳು. ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಒಂದು ಗುರುವಾರ, ಆರೂ ಕಾಲು. ಅವಳ ಪಕ್ಕದಲ್ಲಿ ಸ್ಟೇರಿಂಗ್ ಹಿಡಿದಿದ್ದವರು ನಿವೃತ್ತ ನರ್ಸಮ್ಮ. ಸಿಗ್ನಲ್‌ನಲ್ಲಿ ಕಾರು ನಿಂತಿತು. ಎದುರಿನಿಂದ ಹಳದಿ ಕಾರೊಂದು ಕುಂಟುತ್ತಾ, ಜರ್ಕ್ ಹೊಡೆಯುತ್ತಾ ಬಂತು. ಅದು ಊರಿನ ಇನ್ನೊಂದು ಡ್ರೈವಿಂಗ್ ಸ್ಕೂಲಿನ ಕಾರು. ಅದರ ಮಾಲೀಕರು ಕಲಿಸುವಾಗ ಕೂಗುವ ಕೂಗು ನಾಲ್ಕು ಬೀದಿಗೆ ಕೇಳುತ್ತಿತ್ತಾದ್ದರಿಂದ ಎಲ್ಲರ ಬಾಯಲ್ಲೂ ಅವರು ಗುಡುಗು ಸಾರ್.

ನರ್ಸಮ್ಮ ಕನ್ನಡಕ ಸರಿಮಾಡಿಕೊಂಡರು. "ಮೇಡಂ... ಆ ಕಾರಲ್ಲಿ ಕೂತಿರೋದು ನಿಮ್ಮ ಯಜಮಾನ್ರು ಅಲ್ವಾ?"

ಅವಳು ನೋಡಿದಳು.

ಹೌದು. ಅವನೇ. ಗುಡುಗು ಸಾರ್ ಪಕ್ಕದಲ್ಲಿ. ಸ್ಟೇರಿಂಗ್ ಯಾರ ಕೈಯಲ್ಲಿದೆ ಎಂದು ಕಾಣುವ ಮುಂಚೆಯೇ ಕಾರು ಅವರಿಬ್ಬರನ್ನೂ ಹೊತ್ತುಕೊಂಡು ತಿರುವಿನಲ್ಲಿ ಮರೆಯಾಯಿತು.

ವರ್ಷದ ಹಿಂದೆ ಇದೇ ಗುಡುಗು ಸಾರ್ ಆಫೀಸಿಗೆ ಬಂದು ಕೂತಿದ್ದರು. "ಎರಡು ಸ್ಕೂಲನ್ನೂ ಸೇರಿಸಿ ಒಂದೇ ಮಾಡೋಣಮ್ಮಾ" ಎಂದಿದ್ದರು. ಅವಳು ಬಾಗಿಲು ತೋರಿಸಿದ್ದಳು. ಈಗ...?

'ಬೇರೆ ಹೆಂಗಸಿನ ಜೊತೆ ನೋಡಿದ್ರೂ ಇಷ್ಟು ಹೊಟ್ಟೆ ಉರೀತಿರಲಿಲ್ಲ! ನನ್ನ ಸ್ಕೂಲನ್ನ ಅವರಿಗೆ ಮಾರೋಕೆ ಹೊರಟಿದಾನಾ? ಅಥವಾ ನನ್ನನ್ನೇ ಬಿಟ್ಟು ಅವರ ಹತ್ರ ಕೆಲಸಕ್ಕೆ ಸೇರ್ತಿದಾನಾ? ಒಂದು ಮಾತಿಗೆ... ಒಂದೇ ಒಂದು ಮಾತಿಗೆ ಇಷ್ಟು ದೊಡ್ಡ ಶಿಕ್ಷೆನಾ?'

"ಮೇಡಂ, ಸಿಗ್ನಲ್ ಹಸಿರಾಗಿ ಎಷ್ಟೋ ಹೊತ್ತಾಯ್ತು," ಎಂದರು ನರ್ಸಮ್ಮ ಮೆಲ್ಲಗೆ. "ನೀವು ಬ್ರೇಕ್ ಮೇಲಿಂದ ಕಾಲು ತೆಗೆದ್ರೆ ನಾನು ಹೋಗಬಹುದು."

*

ಪಾಠ ಮುಗಿಸಿ ಮನೆಗೆ ಬಂದಾಗ ಅವನು ಇನ್ನೂ ಬಂದಿರಲಿಲ್ಲ. ಅತ್ತೆ ಬಟ್ಟೆ ಮಡಚುತ್ತಿದ್ದರು.

"ಅತ್ತೆ, ನಿಮ್ಮ ಮಗ ದಿನಾ ಬೆಳಿಗ್ಗೆ ಎಲ್ಲಿಗೆ ಹೋಗ್ತಾರೆ?"

ಅತ್ತೆ ಇನ್ನೊಂದು ಸೀರೆ ಎತ್ತಿಕೊಂಡರು. "ನಾನು ಹೇಳಲ್ಲ ಅಂತ ಆಣೆ ಮಾಡಿದೀನಮ್ಮಾ."

"ಅಂದ್ರೆ ನಿಮಗೂ ಗೊತ್ತು! ಎಲ್ಲರಿಗೂ ಗೊತ್ತು, ನಂಗೊಬ್ಬಳಿಗೆ ಇಲ್ಲ!" ಅವಳ ಕಣ್ಣು ತುಂಬಿತು. "ಆ ಗುಡುಗು ಸಾರ್ ಹತ್ರ ಅವರಿಗೆ ಏನು ಕೆಲಸ ಅತ್ತೆ?"

"ಹಿತ್ತಲ ಗಿಡ ಮದ್ದಲ್ಲ, ಅಷ್ಟೇ," ಎಂದು ಅತ್ತೆ ಟವೆಲ್ ಕೊಡವಿದರು. "ಮಿಕ್ಕಿದ್ದು ಅಲ್ಲೇ ಹೋಗಿ ಕೇಳು. ಆದ್ರೆ ಬಾಯಿಗಿಂತ ಮೊದಲು ಕಿವಿ ತೆಗೀ."

ಆ ಒಗಟು ಬಿಡಿಸುವ ತಾಳ್ಮೆ ಅವಳಿಗಿರಲಿಲ್ಲ. ಅವಳು ನೇರ ಗುಡುಗು ಸಾರ್ ಆಫೀಸಿಗೇ ನುಗ್ಗಿದಳು.

"ನಮ್ಮ ಯಜಮಾನ್ರ ಜೊತೆ ಏನು ವ್ಯವಹಾರ ನಡೆಸ್ತಿದ್ದೀರಾ ಸಾರ್? ನನ್ನ ಸ್ಕೂಲು ಮಾರೋಕೆ ಅವರಿಗೆ ಹಕ್ಕಿಲ್ಲ. ಹೇಳ್ತೀನಿ ಕೇಳಿ..."

"ಸ್ಕೂಲಾ?" ಗೋಡೆ ನಡುಗುವಂತೆ ಬಂತು ಆ ದನಿ. "ಯಾರಿಗಮ್ಮಾ ಬೇಕು ನಿನ್ನ ಸ್ಕೂಲು! ನಾನು ಅವನಿಗೆ ಡ್ರೈವಿಂಗ್ ಕಲಿಸ್ತಿದೀನಿ!"

ಅವಳು ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಒಂದು ತಿಂಗಳಾಯ್ತು. ಐದೂವರೆಗೆ ಬರ್ತಾನೆ. ಮೂವತ್ತು ವರ್ಷದಿಂದ ಕಲಿಸ್ತಿದೀನಿ, ಇಂಥ ಶಿಷ್ಯನ್ನ ನೋಡಿಲ್ಲ! ಗೇರ್ ಹಾಕು ಅಂದ್ರೆ 'ಒಂದು ನಿಮಿಷ ಸಾರ್' ಅಂತಾನೆ. ನಿನ್ನೆ ನನ್ನ ಗೇಟು ಗುದ್ದಿದ. ಮೊನ್ನೆನೂ ಅದೇ ಗೇಟು ಗುದ್ದಿದ! ಆದ್ರೆ ಬೈದ್ರೆ ಮುಖ ಗಂಟು ಹಾಕಲ್ಲ, ಬಿಡಲ್ಲ, ಮತ್ತೆ ಬರ್ತಾನೆ. ಬಂಗಾರದಂಥ ಮನುಷ್ಯ. ಹತ್ತು ಗಂಟೆಗೆ ಅವನ ಪರೀಕ್ಷೆ. ಪ್ರಾಕ್ಟೀಸ್ ಮಾಡಿಸಿ, ಈಗ ತಾನೇ ಮೈದಾನಕ್ಕೆ ಬಿಟ್ಟು ಬಂದೆ."

"ನನ್ನ ಹತ್ರ ಯಾಕೆ..." ಅವಳ ದನಿ ಒಡೆಯಿತು. "ನನ್ನ ಹತ್ರ ಯಾಕೆ ಕೇಳಲಿಲ್ಲ?"

ಗುಡುಗು ಸಾರ್ ಮೊಟ್ಟಮೊದಲ ಬಾರಿಗೆ ಮೆತ್ತಗೆ ಮಾತಾಡಿದರು. "ಅದನ್ನ ನನ್ನ ಕೇಳಿದ್ರೆ ಹೇಗಮ್ಮಾ?"

ಅವಳು ಗಡಿಯಾರ ನೋಡಿದಳು. ಹತ್ತಕ್ಕೆ ಇಪ್ಪತ್ತು ನಿಮಿಷ. ಅವತ್ತು ಅವಳಿಗೆ ಇನ್ನೂ ಎಂಟು ಪಾಠ ಬಾಕಿ. ಫೋನ್ ತೆಗೆದಳು. ಒಬ್ಬೊಬ್ಬರಿಗೂ ಹೇಳಿದಳು, "ಇವತ್ತು ಪಾಠ ಇಲ್ಲ." ಸ್ಕೂಲು ಶುರುವಾದಾಗಿನಿಂದ ಅವಳು ಹೀಗೆ ಹೇಳಿದ್ದೇ ಇಲ್ಲ. ಜ್ವರ ಬಂದಾಗಲೂ ಹೇಳಿರಲಿಲ್ಲ.

ಕಾರಿನ ಕೀಲಿ ಎರಡು ಸಲ ಅವಳ ಕೈಯಿಂದ ಜಾರಿ ಕೆಳಗೆ ಬಿತ್ತು.

"ಈ ಕೈಯಲ್ಲಿ ಸ್ಟೇರಿಂಗ್ ಹಿಡೀಬೇಡ. ನಿನ್ನ ಗಾಡಿ ಇಲ್ಲೇ ಇರ್ಲಿ. ಹತ್ತು, ನಾನೇ ಬಿಡ್ತೀನಿ," ಎಂದರು ಗುಡುಗು ಸಾರ್.

ದಾರಿಯಲ್ಲಿ ಮೂರು ಸಲ ಕಾರು ಗಕ್ಕನೆ ನಿಂತಿತು.

"ಏಯ್! ನಾನು ಓಡಿಸ್ತಿರೋದು ಕಣಮ್ಮಾ! ನನ್ನ ಗಾಡಿಗೆ ನೀನು ಬ್ರೇಕ್ ಹಾಕ್ಬೇಡ!"

"ಸಾರಿ ಸಾರ್... ಕಾಲು ತಾನೇ ಹೋಗುತ್ತೆ..."

"ಆ ಕಾಲಿಗೆ ಸ್ವಲ್ಪ ರಜ ಕೊಡು!"

*

ಪರೀಕ್ಷೆಯ ಮೈದಾನದ ಬೇಲಿಯ ಹೊರಗೆ ಅವಳು ನಿಂತಳು. ಒಳಗೆ, ನೆಟ್ಟ ಕಂಬಗಳ ನಡುವೆ, ಪರೀಕ್ಷೆಯವರ ಕಾರನ್ನು ಅವನು ಮೆಲ್ಲಗೆ ಓಡಿಸುತ್ತಿದ್ದ. ಪಕ್ಕದಲ್ಲಿ ಕೈಯಲ್ಲಿ ಹಾಳೆ ಹಿಡಿದ ಇನ್ಸ್‌ಪೆಕ್ಟರ್.

ಮೊದಲ ತಿರುವು ಸರಿಯಾಯಿತು. ಎರಡನೆಯದೂ! ಅವಳು ಬೇಲಿಯ ತಂತಿ ಗಟ್ಟಿಯಾಗಿ ಹಿಡಿದಳು. ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಟ. ಅವಳೇ ಎಷ್ಟು ಹೇಳಿಕೊಟ್ಟರೂ ಬರದಿದ್ದ ವಿದ್ಯೆ ಅದು!

'ಬಂತು... ಬಂದೇಬಿಡ್ತು... ಇನ್ನು ರಿವರ್ಸ್ ಒಂದೇ... ನಿಧಾನ ರೀ, ನಿಧಾನ...'

ಕಾರು ಹಿಂದಕ್ಕೆ ಬಂತು. ನೇರ ಬಂತು. ಇನ್ನೂ ಬಂತು...

ಟಣ್!

ಕಂಬ ಮಲಗಿತು.

ಇನ್ಸ್‌ಪೆಕ್ಟರ್ ಹಾಳೆಯ ಮೇಲೆ ಏನೋ ಗೀಚಿದ. ಅದೇನೆಂದು ಓದಲು ಕಣ್ಣು ಬೇಕಿರಲಿಲ್ಲ.

ಅವನು ಇಳಿದು, ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿ, ಅದಕ್ಕೆ ಅಂಟಿದ ಮಣ್ಣು ಒರೆಸಿ, ಇನ್ಸ್‌ಪೆಕ್ಟರಿಗೆ ನಮಸ್ಕಾರ ಹೇಳಿ ಹೊರಗೆ ಬಂದ. ತಲೆ ಎತ್ತಿದರೆ ಬೇಲಿಯ ಬಳಿ ಹೆಂಡತಿ!

ಅವನ ಮುಖ ಬಿಳಿಚಿತು.

"ನೀವಾ... ಮೇಡಂ, ಇವತ್ತು ಪಾಠ..."

"ಇಲ್ಲ."

"ಎಲ್ಲಾ ನೋಡಿದ್ರಾ?"

"ನೋಡಿದೆ."

ಅಲ್ಲೇ ಮರದ ಕೆಳಗೆ ಕಲ್ಲಿನ ಬೆಂಚು. ಇಬ್ಬರೂ ಕೂತರು. ನಡುವೆ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

"ಐದನೇ ಸಲ," ಎಂದ ಅವನು, ಕೈ ನೋಡಿಕೊಳ್ಳುತ್ತಾ. "ನೀವು ಹೇಳಿದ್ದು ಸರೀನೇ. ಗಾಡಿ ಓಡಿಸೋಕೆ ಬರದವನು."

"ಬೇಡ ರೀ... ಆ ಮಾತು ಆಡ್ಬೇಡಿ." ಮೂವತ್ತು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಅಳುವಿನ ಜೊತೆ ಹೊರಗೆ ಬಂತು. "ತಪ್ಪಾಯ್ತು. ಅವತ್ತೇ ಹೇಳ್ಬೇಕಿತ್ತು. ಆರು ಜನರ ಮುಂದೆ ಬಾಯಿಗೆ ಬಂದಂಗೆ ಅಂದೆ, ಕ್ಷಮೆ ಮಾತ್ರ ಒಬ್ಬಳೇ ಮನಸ್ಸಲ್ಲೇ ಕೇಳ್ಕೊಂಡೆ. ನನ್ನ ಮೇಲೆ ಹಟಕ್ಕೆ ತಾನೇ ಅಲ್ಲಿ ಹೋಗಿ ಕಲಿತಿದ್ದು?"

"ಹಟಾನಾ?" ಅವನು ನಿಜವಾಗಿಯೂ ಅಚ್ಚರಿಪಟ್ಟ. "ಹಟ ಅಲ್ಲ."

"ಮತ್ತೆ?"

ಅವನು ಅವಳ ಮಂಡಿಯ ಕಡೆ ನೋಡಿದ.

"ನಮ್ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಹೋದ ವರ್ಷ ನೀನು ಒಂದೇ ಉಸಿರಿಗೆ ಹತ್ತುತ್ತಿದ್ದೆ. ಆರು ತಿಂಗಳಿಂದ ಹನ್ನೆರಡನೇ ಮೆಟ್ಟಿಲಲ್ಲಿ ನಿಂತು ಮಂಡಿ ಹಿಡ್ಕೋತೀಯ. ಈಗೀಗ ಎಂಟನೇದಕ್ಕೇ ನಿಲ್ತೀಯ. ದಿನಾ ಹತ್ತು ಗಂಟೆ ಬ್ರೇಕ್ ಮೇಲೆ ಕಾಲಿಟ್ಟು ಕೂತ್ರೆ ಇನ್ನೇನಾಗುತ್ತೆ? ಅಷ್ಟಾದ ಮೇಲೂ ಮನೆಗೆ ನೀನೇ ಓಡಿಸ್ತೀಯ. ನಾನು ಪಕ್ಕದಲ್ಲಿ ಗೊಂಬೆ ಥರ ಕೂತಿರ್ತೀನಿ. ಅಷ್ಟೇ ಕಣೇ... ಆ ಅರ್ಧ ಗಂಟೆ ನಾನು ಓಡಿಸ್ಬೇಕು, ನೀನು ಕಣ್ಮುಚ್ಚಿ ಕೂರ್ಬೇಕು ಅಂತ ಇತ್ತು."

ಅವಳು ಅವನ ಕಡೆಗೆ ತಿರುಗಿದಳು.

"ಆ ಖಾಲಿ ಮನೆ..." ಎಂದಳು ತಡೆದು ತಡೆದು. "ಎರಡರಿಂದ ಮೂರು..."

"ಕಾಲು ಚಾಚಿ ಮಲಗಲಿ ಅಂತ ಬಿಟ್ಟಿದ್ದೆ. ಹೇಳಿದ್ರೆ ನೀನು ಒಪ್ಪಲ್ಲ ಅಂತ ಹೇಳಿರಲಿಲ್ಲ. ಅದು ನಂದೂ ತಪ್ಪೇ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪರೀಕ್ಷೆಗೆ ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಪಿಸುಗುಟ್ಟಿದರು, "ಪಾಪ, ಆಯಮ್ಮ ಫೇಲಾದ್ರು ಅಂತ ಕಾಣುತ್ತೆ."

"ಹೌದು, ನಾನೇ ಫೇಲಾಗಿದ್ದು!" ಎಂದಳು ಅವಳು ಅಳುವಿನ ನಡುವೆಯೇ, ಅವರಿಗೆ ಕೇಳುವಂತೆ. ಆಮೇಲೆ ಅವನಿಗೆ ಮಾತ್ರ ಕೇಳುವಂತೆ, "ನೀವು ನನ್ನ ಮಂಡಿ ನೋಡಿದ್ರಿ. ನಾನು ನಿಮ್ಮ ಟೈಮ್ ಟೇಬಲ್ ನೋಡ್ದೆ. ಮೂರು ವರ್ಷದಿಂದ ನಿಮ್ಮನ್ನ ಸರಿಯಾಗಿ ನೋಡೇ ಇಲ್ಲ ರೀ."

"ನಾನೂ ಸರಿ ಇರಲಿಲ್ಲ. ಮನೇಲೂ ಮೇಡಂ ಮೇಡಂ ಅಂತ ಚುಚ್ಚಿದೆ. ದಿನಾ ರಾತ್ರಿ ಇವತ್ತಿಗೆ ಸಾಕು ಅನ್ಕೋತಿದ್ದೆ. ಬೆಳಿಗ್ಗೆ ಮತ್ತೆ ಅದೇ ಬಾಯಿಗೆ ಬರ್ತಿತ್ತು."

"ತುಂಬಾ ಚುಚ್ಚಿತು."

"ಗೊತ್ತು ಕಣೇ."

ನಡುವಿನ ಜಾಗ ಯಾವಾಗ ಇಲ್ಲವಾಯಿತೋ ಇಬ್ಬರಿಗೂ ತಿಳಿಯಲಿಲ್ಲ. ಅವಳ ಹಣೆ ಅವನ ತೋಳಿಗೆ ತಾಗಿತ್ತು.

"ಆ ವ್ಯಾನಿನ ಅಮ್ಮನ ನಂಬರ್ ಇದೆಯಾ?" ಎಂದಳು ಕಣ್ಣೊರೆಸಿಕೊಂಡು.

"ಇದೆ. ಯಾಕೆ?"

"ನಾಳೆ ಬರೋಕೆ ಹೇಳಿ. ಒಂದು ವಾರ ನಾನು ಹಿಂದಿನ ಸೀಟಲ್ಲಿ ಕೂತು ನೋಡ್ತೀನಿ. ಆಮೇಲೆ ಅರ್ಧ ಪಾಠ ಅವರಿಗೆ."

"ಹಿಂದಿನ ಸೀಟಲ್ಲಿ ಸುಮ್ನೆ ಕೂರ್ತೀಯಾ ನೀನು?"

"ಕಷ್ಟಾನೇ. ಎರಡು ದಿನ ಹೆಚ್ಚು ಬೇಕಾಗಬಹುದು." ಅವಳು ಮೂಗೊರೆಸಿಕೊಂಡಳು. "ಇನ್ನೊಂದು ಮಾತು. ಏಳು ಗಂಟೆ ಆದ್ಮೇಲೆ ಸ್ಕೂಲಿನ ಫೋನು ಸ್ಕೂಲಲ್ಲೇ. ನಿಮ್ಮನ್ನೂ ನಾನು ಅಲ್ಲೇ ಬಿಟ್ಟು ಬರ್ತೀನಿ."

"ನನ್ನನ್ನಾ?"

"ಸಾರ್‌ನ! ಮನೆಗೆ ಮೇಷ್ಟ್ರು ಒಬ್ಬರೇ ಬಂದ್ರೆ ಸಾಕು."

ಒಂದು ತಿಂಗಳಲ್ಲಿ ಮೊದಲ ಸಲ ಅವನು ನಕ್ಕ.

"ಪರೀಕ್ಷೆ ಕಥೆ ಏನು ಮೇಷ್ಟ್ರೇ?" ಅವಳು ಹೆದರಿ ಹೆದರಿ ಕೇಳಿದಳು. "ಇನ್ನು ಮೇಲೆ ನಾನು ಕಲಿಸ್ಲಾ?"

"ಬೇಡಪ್ಪಾ ಬೇಡ! ನಾನು ಗುಡುಗು ಸಾರ್ ಹತ್ರಾನೇ ಕಲೀತೀನಿ. ಅವರು ಬೈದ್ರೆ ಬರೀ ಕಿವಿ ನೋಯುತ್ತೆ. ನೀನು ಬೈದ್ರೆ ಎಲ್ಲಾ ಕಡೆ ನೋಯುತ್ತೆ."

*

ಅವಳ ಕಾರು ಗುಡುಗು ಸಾರ್ ಆಫೀಸಿನ ಮುಂದೆಯೇ ಉಳಿದಿತ್ತು. ಮೈದಾನದ ಗೇಟಿನ ಎದುರು ಬಸ್ ನಿಂತಿತು. ಇಬ್ಬರೂ ಹತ್ತಿದರು. ಬಸ್ಸಿನಲ್ಲಿ ಜೊತೆಗೆ ಕೂತು ಎಷ್ಟು ಕಾಲವಾಗಿತ್ತೋ, ಕಿಟಕಿಯ ಪಕ್ಕದ ಸೀಟಿಗಾಗಿ ಮಕ್ಕಳಂತೆ ಕಿತ್ತಾಡಿದರು. ಅವಳೇ ಗೆದ್ದಳು.

"ಏನಾದ್ರೂ ಮಾತಾಡಿ," ಎಂದಳು.

"ನಾಳೆ ಆ ಅಮ್ಮ ಬಂದ್ರೆ ಎರಡನೇ ಕಾರಿನ..."

"ಸ್ಕೂಲು ಬಿಟ್ಟು!"

ಅವನು ಯೋಚಿಸಿದ. ತಲೆ ಕೆರೆದುಕೊಂಡ. ಕಿಟಕಿಯ ಹೊರಗೆ ಎರಡು ಅಂಗಡಿ, ಒಂದು ಸೇತುವೆ ಹಿಂದಕ್ಕೆ ಹೋದವು.

"ಇಷ್ಟು ಯೋಚಿಸ್ಬೇಕಾ ಮೇಷ್ಟ್ರೇ?"

"ಹತ್ತು ನಿಮಿಷ ಕೊಡು. ಅಭ್ಯಾಸ ತಪ್ಪಿದೆ."

ಅವಳು ಜೋರಾಗಿ ನಕ್ಕಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ನಗು ನಿಂತ ಮೇಲೆ ಅವಳ ತಲೆ ಮೆಲ್ಲಗೆ ವಾಲಿ ಅವನ ಭುಜದ ಮೇಲೆ ನಿಂತಿತು. ಎರಡು ನಿಮಿಷದಲ್ಲಿ ಗಾಢ ನಿದ್ದೆ. ಬಸ್ಸು ಕುಲುಕಿದಾಗಲೆಲ್ಲ ಅವನು ಅಂಗೈಯಿಂದ ಅವಳ ಹಣೆಗೆ ಆಸರೆ ಕೊಟ್ಟ.

ಅವಳು ಕಣ್ಣು ಬಿಟ್ಟಾಗ ಹೊರಗೆ ಕಂಡ ಬೀದಿ ಗುರುತು ಹತ್ತಲಿಲ್ಲ.

"ಎಲ್ಲಿದೀವಿ ರೀ? ನಮ್ಮ ಸ್ಟಾಪ್?"

"ಅದು ಹೋಗಿ ಇಪ್ಪತ್ತು ನಿಮಿಷ ಆಯ್ತು."

"ಅಯ್ಯೋ! ಎಬ್ಬಿಸಬಾರದಿತ್ತಾ?"

"ಮನಸ್ಸು ಬರಲಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಇನ್ನೊಂದು ದಿನವಾಗಿದ್ದರೆ ಗಡಿಯಾರ ನೋಡುತ್ತಿದ್ದಳು.

"ಈ ಬಸ್ಸು ಕೊನೆಗೆ ಎಲ್ಲಿಗೆ ಹೋಗುತ್ತೆ?"

"ಗೊತ್ತಿಲ್ಲ ಕಣೇ. ಕಂಡಕ್ಟರ್‌ನ ಕೇಳ್ಲಾ?"

"ಬೇಡ," ಎಂದು ಅವಳು ಮತ್ತೆ ಅವನ ಭುಜಕ್ಕೆ ಒರಗಿದಳು. "ಹೋದ್ಮೇಲೆ ನೋಡೋಣ."